ಮೂರು ಪಾಲಾದ ಮಿನರ್ವಾ

ಆ ಬೇಸಿಗೆ ಪೂರ್ತಿ ನನ್ನ ತಲೆಯಿಂದ ಇಳಿಯದೆ ಕೂತ ಚಿಂತೆ ಒಂದೇ: ಧರೆಪ್ಪ ಬಾವಿಗೆ ಬಿದ್ದುಬಿಟ್ಟರೆ?

ಜಮಖಂಡಿಯ ನಮ್ಮ ವಾಡೆಯ ಮಾಳಿಗೆ ಕಿಟಕಿಯಲ್ಲಿ ನಿಂತರೆ ಹಿತ್ತಲು ಪೂರ್ತಿ ಕಾಣುತ್ತದೆ. ಒಂದು ಕಡೆ ಬಾವಿ, ಇನ್ನೊಂದು ಕಡೆ ಮೋಟರಿನ ಮನೆ. ಹಿಂದೆ ಕುದುರೆ ಕಟ್ಟುತ್ತಿದ್ದ ಜಾಗ ಅದು. ಆಮೇಲೆ ಅಲ್ಲಿ ಮೋಟರು ಕಾರು ನಿಲ್ಲುತ್ತಿತ್ತು. ಈಗ ಏನೂ ಇಲ್ಲ. ಅದರ ಹೊಸ್ತಿಲ ಮೇಲೆ, ಸುಡುವ ಬಿಸಿಲಿನಲ್ಲಿಯೂ ಖಾಕಿ ಕೋಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡು, ಮೊಣಕಾಲ ಮೇಲೆ ಕೈ ಇಟ್ಟು ಧರೆಪ್ಪ ಕೂತಿರುತ್ತಿದ್ದ. ನಾನು ಮಗಳು ಮಂದಾಳಿಗೆ ಹಾಲು ಕುಡಿಸುವಾಗ ಅಲ್ಲಿದ್ದ. ಅವಳಿಗೆ ನೀರೆರೆದು, ಲೋಬಾನದ ಹೊಗೆ ಹಾಕಿ, ತೊಟ್ಟಿಲಲ್ಲಿ ಮಲಗಿಸಿ ಬಂದು ನೋಡಿದರೂ ಅಲ್ಲಿಯೇ ಇದ್ದ. ಅವನ ಹೆಂಡತಿ ಶಿವವ್ವ ತಂದಿಟ್ಟ ರೊಟ್ಟಿಯ ಗಂಟನ್ನು ಕಾಗೆ ಜಗ್ಗುತ್ತಿದ್ದರೂ ಓಡಿಸುತ್ತಿರಲಿಲ್ಲ.

"ಏನ ನೋಡ್ಲಿಕ್ಕತ್ತಿ?" ಎಂದು ಇವರು ಕೇಳುತ್ತಿದ್ದರು. ಇವರೆಂದರೆ ನನ್ನ ಯಜಮಾನರು, ಶ್ರೀಧರರಾಯರು. ಜಮಖಂಡಿ ಕೋರ್ಟಿನಲ್ಲಿ ವಕೀಲರು.

"ಧರೆಪ್ಪ ಇನ್ನೂ ಕೂತಾನ್ರೀ."

"ಕೂಡ್ಲಿ. ಕೂತ್ರ ನೆಲಾ ಸವೀತದೇನು? ನಿನಗ ಚಿಂತಿ ಮಾಡ್ಲಿಕ್ಕೆ ಏನರ ಒಂದು ಬೇಕು. ಮೊನ್ನೆ ಮಾಳಿಗಿ ಬೀಳ್ತದ ಅಂದಿ, ನಿನ್ನೆ ಕೂಸಿಗೆ ಬೆಕ್ಕು ಪರಚತದ ಅಂದಿ, ಇವತ್ತ ಬಾವಿ."

ಅವರು ಹೇಳಿದ್ದು ಸುಳ್ಳಲ್ಲ. ನಾನು ಬೆಳೆದದ್ದು ಮುಂಬಯಿಯ ಮಾಟುಂಗಾದಲ್ಲಿ, ನಳದ ನೀರಿನ ಮನೆಯಲ್ಲಿ. ಹಿತ್ತಲಲ್ಲೇ ಬಾಯಿ ತೆರೆದುಕೊಂಡ ಬಾವಿ ಇರುವ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೆ ನೆಟ್ಟಗೆ ನಿದ್ದೆಯಿಲ್ಲ. ಮಂದಾ ನಡೆಯಲು ಕಲಿತ ಮೇಲಂತೂ ಕೇಳಲೇಬೇಡಿ. ಆದರೆ ಧರೆಪ್ಪನ ವಿಷಯದಲ್ಲಿ ನನ್ನ ಚಿಂತೆ ಬರೀ ಹೆದರುಪುಕ್ಕಲುತನ ಆಗಿರಲಿಲ್ಲ. ಆ ಮನುಷ್ಯ ಹೇಗಿದ್ದ ಎಂದು ಕಂಡವರಿಗಷ್ಟೇ ಅವನು ಹಾಗೆ ಕೂತದ್ದು ಎಷ್ಟು ಕೆಟ್ಟದ್ದೆಂದು ತಿಳಿದೀತು.

ಧರೆಪ್ಪ ತೇರದಾಳದವನು. ಅವನ ಅಪ್ಪ ನಮ್ಮ ಮಾವನವರ ಎತ್ತಿನ ಗಾಡಿ ಹೊಡೆಯುತ್ತಿದ್ದ. ಹಿಪ್ಪರಗಿಯ ಹೊಳೆಸಾಲಿನಲ್ಲಿ ಮಾವನವರಿಗೆ ಇನಾಮು ಭೂಮಿ ಇತ್ತು, ಕೈಯಲ್ಲಿ ಧಾರಾಳತನವೂ ಇತ್ತು. ಮುಂಬಯಿಯ ಯಾರೋ ಸಾಹುಕಾರರು ಮಾರಿದ ಮಿನರ್ವಾ ಎಂಬ ಬೆಲ್ಜಿಯಂ ದೇಶದ ಮೋಟರನ್ನು ಅವರು ಕೊಂಡು ರೈಲಿನಲ್ಲಿ ಕುಡಚಿ ಸ್ಟೇಶನ್ನಿಗೆ ತರಿಸಿದರು. ಇಳಿಸಿಕೊಳ್ಳಲು ಹೋದವರಲ್ಲಿ ಆಗತಾನೇ ಮದುವೆಯಾಗಿದ್ದ ಧರೆಪ್ಪನೂ ಒಬ್ಬ. ಮೋಟರಿನ ಜೊತೆ ಬಂದ ಮುಂಬಯಿ ಡ್ರೈವರ್ ಇಲ್ಲಿಯ ಬಿಸಿಲು, ಖಾರ ಎರಡಕ್ಕೂ ಬೇಸತ್ತು ಒಂದು ಹಂಗಾಮಿನಲ್ಲೇ ಓಡಿಹೋದ. ಅಷ್ಟರೊಳಗೆ ಧರೆಪ್ಪ ಅವನಿಂದ ವಿದ್ಯೆಯನ್ನೂ ಖಾಕಿ ಕೋಟನ್ನೂ ಎರಡನ್ನೂ ಇಸಿದುಕೊಂಡಿದ್ದ.

ಆ ಮೋಟರಿನ ಮುಂದೆ, ನೀರು ಹಾಕುವ ಮುಚ್ಚಳದ ಮೇಲೆ, ಶಿರಸ್ತ್ರಾಣ ತೊಟ್ಟ ಹೆಣ್ಣಿನ ತಲೆಯೊಂದಿತ್ತು. ಹೊರದೇಶದ ಯಾವುದೋ ದೇವತೆ. ಊರ ಹೆಂಗಸರಿಗೆ ಅವಳು "ಟೊಪಗಿ ಹಾಕ್ಕೊಂಡ ಎಲ್ಲವ್ವ". ದಸರೆಯ ಖಂಡೇಪೂಜೆಯ ದಿನ ನಮ್ಮ ಅತ್ತೆಯವರು, ರಾಧಾಬಾಯಿಯವರು, ಅವಳ ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ಗುಳೇದಗುಡ್ಡದ ಖಣ ಕಟ್ಟುತ್ತಿದ್ದರು. ಎಂಜಿನ್ನಿನದು ಇನ್ನೊಂದು ವಿಶೇಷ: ಅದು ಸಪ್ಪಳ ಮಾಡುತ್ತಿರಲಿಲ್ಲ. ಹಿಂದಿನಿಂದ ಬರುವ ನೀಲಿ ಹೊಗೆಯಿಂದಲೇ ಚಾಲೂ ಆಗಿದೆ ಎಂದು ತಿಳಿಯಬೇಕು.

ಅದನ್ನು ತೊಳೆಯದೆ ಧರೆಪ್ಪ ಹೊರಗೆ ತೆಗೆಯುತ್ತಿರಲಿಲ್ಲ. ಮಾವನವರು ಅವಸರ ಮಾಡಿದರೆ, "ಮಾರಿ ತೊಳಕೊಳ್ಳದ ಹೆಣಮಗಳನ್ನ ಪ್ಯಾಟಿಗಿ ಕಳಸ್ತಾರೇನ್ರಿ ರಾಯರ?" ಎಂದು ಅವರನ್ನೇ ಕೇಳುತ್ತಿದ್ದ. ಸುಳ್ಳು ಹೇಳುವುದರಲ್ಲಿಯೂ ಹಿಂದೆಮುಂದೆ ನೋಡುವವನಲ್ಲ. ಮೋಟರಿನ ಹಿಂದಿನ ಸೀಟಿನಲ್ಲಿ ಲಾಟಸಾಹೇಬ ಕೂತಿದ್ದ ಎಂದು ಬನಹಟ್ಟಿಯ ಸಂತೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದನಂತೆ. ಯಾವ ಲಾಟಸಾಹೇಬನೋ ಎಂದರೆ, "ಯಾವನರ ಒಬ್ಬಾವ. ನಿನಗ್ಯಾಕಪಾ? ನೀ ಏನ್ ಅವನ ಬೀಗಾ?"

"ನನ್ನ ಮೈ ಸುಡಾಕತ್ತಿದ್ರೂ ಈ ಮನಷ್ಯಾಗ ತಿಳಿಯಂಗಿಲ್ರಿ," ಎಂದು ಶಿವವ್ವ ನನ್ನ ಮುಂದೆ ಅವನನ್ನು ಆಡಿಕೊಳ್ಳುತ್ತಿದ್ದಳು. "ಅದರ ಮೂತಿ ಮ್ಯಾಲ ಕೈ ಇಟ್ಟು, ಇವತ್ತ ಸ್ವಲ್ಪ ಕಾವ ಐತಿ ಅಂತಾನ."

ಅತ್ತೆಯವರು ನಗುನಗುತ್ತ ಹೇಳುವ ಕತೆ ಒಂದಿದೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ. ಮುಧೋಳದಲ್ಲಿ ಸಮೀಪದವರ ಮದುವೆ. ಮೋಟರು ಬಿಟ್ಟು ಗಾಡಿಯಲ್ಲಿ ಹೋದರೆ ಮರ್ಯಾದೆ ಹೋಗುತ್ತದೆ. ಧರೆಪ್ಪ ಮಿನರ್ವಾಕ್ಕೆ ಎರಡು ಎತ್ತು ಹೂಡಿದ. ಮಾವ, ಅತ್ತೆ ಒಳಗೆ ಪರದೆ ಇಳಿಸಿಕೊಂಡು ಕೂತರು. ಮುಧೋಳದ ಊರಬಾಗಿಲು ಕಾಣುವವರೆಗೆ ಎತ್ತು ಎಳೆದವು. ಅಲ್ಲಿ ಎತ್ತುಗಳನ್ನು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಶೀಸೆಯಲ್ಲಿ ಉಳಿಸಿಟ್ಟ ಪೆಟ್ರೋಲು ಸುರಿದು, ಮದುವೆಮನೆಯ ಬಾಗಿಲಿಗೆ ದರ್ಬಾರಿನಿಂದ ಹೋಗಿ ನಿಲ್ಲಿಸಿದ. ಬೀಗರು ಬಾಯಿ ಬಿಟ್ಟು ನೋಡಿದರಂತೆ. ಆದರೆ ಎತ್ತುಗಳು ಕಟ್ಟು ಕಿತ್ತುಕೊಂಡು ಮೋಟರಿನ ವಾಸನೆ ಹಿಡಿದು ಅಕ್ಷತೆಯ ಹೊತ್ತಿಗೆ ಚಪ್ಪರದೊಳಗೇ ಬಂದುಬಿಟ್ಟವು.

ನನಗೆ ಮಾತ್ರ ಧರೆಪ್ಪ ಎಂದರೆ ನಗೆಯ ಕತೆಯಲ್ಲ. ಮಂದಾ ಇನ್ನೂ ಕೂಡ್ರಲು ಕಲಿಯದ ಕೂಸಾಗಿದ್ದಾಗ ಒಂದು ಮಧ್ಯಾಹ್ನ ಅವಳಿಗೆ ಜ್ವರ ಏರಿ ಕಣ್ಣು ಮೇಲೆ ಸಿಕ್ಕಿಕೊಂಡವು. ಕೈಕಾಲು ಸೆಟೆದವು. ಇಲ್ಲಿಯ ಡಾಕ್ಟರರು ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಇವರು ಪರಸ್ಥಳದಲ್ಲಿದ್ದರು. ನಾನು ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಏನು ಹೇಳಿದೆನೋ ನೆನಪಿಲ್ಲ. ಆ ದಿನ ಒಂದೇ ದಿನ ಧರೆಪ್ಪ ಮೋಟರನ್ನು ತೊಳೆಯದೆ ಹೊರಗೆ ತೆಗೆದ. ಬನಹಟ್ಟಿ ದಾಟಿತು, ರಬಕವಿಯ ಮಗ್ಗದ ಸಪ್ಪಳ ದಾಟಿತು, ತೇರದಾಳದಲ್ಲಿ ಅವನ ಅಣ್ಣ ಕೈಯೆತ್ತಿ ಕೂಗಿದರೂ ಇವನು ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ನನಗೆ ಹೇಳಿದ್ದು ಒಂದೇ: "ಕೂಸಿನ ಮಾರಿ ನೋಡ್ಕೋಂತ ಕೂಡ್ರಿ ಬಾಯಾರ, ರಸ್ತೆ ನಾ ನೋಡ್ತೇನಿ." ಕುಡಚಿಯಲ್ಲಿ ಮಿರಜದ ರೈಲು ಹೊರಡಲು ನಿಂತಿತ್ತು. ಕೂಸನ್ನು ಅವನೇ ಎತ್ತಿಕೊಂಡು ಡಬ್ಬಿ ಹತ್ತಿಸಿದ. ಆಮೇಲೆ ಕೂಸಿನ ಅಂಗಿಯ ಮೇಲೆ ಮೂಡಿದ ಕರಿ ಬೆರಳಿನ ಗುರುತುಗಳನ್ನು ನೋಡಿ, "ಕೈ ಎಣ್ಣೀವು ಅದಾವ್ರಿ, ತೊಳದ್ರ ಹೋಗ್ತೈತಿ," ಎಂದು ತಪ್ಪು ಮಾಡಿದವನಂತೆ ನಿಂತ. ಮಂದಾ ಉಳಿದಳು.

ಆ ವರ್ಷದ ಮಳೆಗಾಲದಲ್ಲಿ ಮಾವನವರು ತೀರಿಕೊಂಡರು. ಅದಕ್ಕೆ ಮುಂಚೆಯೇ ಮುಂಬಯಿ ಸರಕಾರದ ಕಾಯದೆ ಬಂದು ಇನಾಮು ಹೋಗಿ, ಸ್ವಂತ ಸಾಗುವಳಿಯ ಸ್ವಲ್ಪ ಹೊಲವಷ್ಟೇ ಉಳಿದಿತ್ತು. ಮೂವರು ಅಣ್ಣತಮ್ಮಂದಿರು ಬೇರೆಯಾಗುವುದೆಂದು ಆಯಿತು. ಹಿರಿಯರು ಸದಾಶಿವರಾಯರು, ವಾಡೆಯ ಮುಂದಿನ ಭಾಗ ಅವರದು. ನಡುವಿನವರು ಕೃಷ್ಣಾಜಿರಾಯರು, ಹಿಪ್ಪರಗಿಯಲ್ಲಿದ್ದು ಕಬ್ಬು ನೋಡಿಕೊಳ್ಳುವವರು. ಕೊನೆಯವರು ನಮ್ಮವರು.

ನಮ್ಮ ಕಡೆ ಪಾಲು ಮಾಡಿಕೊಳ್ಳುವುದಕ್ಕೆ ವಾಟ್ನಿ ಎನ್ನುತ್ತಾರೆ. ಅದು ಎಂಥದೆಂದು ನನಗೆ ಗೊತ್ತಾದದ್ದು ತೂಗುಮಂಚದ ದಿನ. ಮಾವನವರ ತೂಗುಮಂಚವನ್ನು ಮೂವರೂ ಕೇಳಿದರು. ಒಬ್ಬರಿಗೆ ಹಲಗೆ ಬಂತು, ಉಳಿದಿಬ್ಬರಿಗೆ ಎರಡೆರಡು ಸರಪಳಿ ಬಂದವು. ಯಾರೂ ತೂಗಿಕೊಳ್ಳಲಾರದಂತೆ ಆಯಿತು, ಆದರೆ ಯಾರಿಗೂ ಹೆಚ್ಚು ಹೋಗಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಮೋಟರನ್ನು ಮಾತ್ರ ಮೊದಲು ಮಾರುವುದೆಂದೇ ಇತ್ತು. ಅದರಲ್ಲಿ ಕೂಡ್ರುವವನು ಮಾವನವರ ಜಾಗದಲ್ಲಿ ಕೂತಂತೆ. ಅಣ್ಣತಮ್ಮಂದಿರಲ್ಲಿ ಒಬ್ಬರು ಕೂತರೆ ಇಬ್ಬರಿಗೆ ಉರಿಯುತ್ತದೆ. ಹಾಗೆಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ದೀಪಾವಳಿ ಆದ ಮೇಲೆ ಪುಣೆಯಿಂದ ಆಗಾಶೆ ಎಂಬ ಹಿರಿಯರು ನೋಡಲು ಬಂದರು. ಹಳೆಯ ಮೋಟರುಗಳನ್ನು ಹುಡುಕಿ ತಂದು ತಮ್ಮ ಮನೆಯ ಶೆಡ್ಡಿನಲ್ಲಿ ಜೋಪಾನ ಮಾಡಿ ಇಡುವ ಹುಚ್ಚು ಅವರಿಗೆ. ಮಿನರ್ವಾದ ಸುತ್ತ ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ತಿರುಗಿದರು. ಇಂಥದು ಈ ಕಡೆ ಇನ್ನೊಂದು ಸಿಗಲಿಕ್ಕಿಲ್ಲ ಎಂದರು. ಆಮೇಲೆ, "ಚಾಲೂ ಮಾಡು," ಎಂದರು.

ಧರೆಪ್ಪ ಹ್ಯಾಂಡಲು ತಿರುಗಿಸಿದ. ಏನೂ ಆಗಲಿಲ್ಲ. ಕೋಟು ಬೆವರಿನಿಂದ ತೊಯ್ದು ಬೆನ್ನಿಗೆ ಅಂಟುವವರೆಗೆ ತಿರುಗಿಸಿದ. "ರಾಯರು ಹ್ವಾದ ಮ್ಯಾಲ ಹಿಂಗಾಗೇತ್ರಿ. ಒಳಗ ಸುಟ್ಟಿರಬೇಕು," ಎಂದ. ಸದಾಶಿವರಾಯರೂ ತಾವೇ ಬಿಚ್ಚಿ ನೋಡಿದವರಂತೆ, "ಹೌದ್ರಿ, ಎಂಜಿನ್ ಸತ್ತದ," ಎಂದರು.

ಆಗಾಶೆಯವರು ಮೋಟರಿನ ಮೂತಿಯ ಮೇಲೆ ಕೈಯಾಡಿಸಿದರು. "ನಡೆಯುವುದಾಗಿದ್ದರೆ ಇವತ್ತೇ ಒಯ್ಯುತ್ತಿದ್ದೆ. ಸತ್ತದ್ದಕ್ಕೆ ಜೀವ ಕೊಡುವಷ್ಟು ಆಯುಷ್ಯ ನನ್ನಲ್ಲಿ ಉಳಿದಿಲ್ಲ," ಎಂದು, ತಮ್ಮ ಕಾರ್ಡನ್ನು ನಮ್ಮವರ ಕೈಗಿಟ್ಟು ಹೋದರು.

ಅಂದು ಸಂಜೆ ಧರೆಪ್ಪ ಉತ್ಸಾಹದಲ್ಲಿದ್ದ. ಮಂದಾಳ ಕೈಗೆ ಬೆಲ್ಲದ ಚೂರು ಕೊಟ್ಟ. ಅವನು ಕೈ ತೊಳೆದಿದ್ದನೋ ಇಲ್ಲವೋ ಎಂದು ನಾನು ಚಡಪಡಿಸುತ್ತಿದ್ದರೆ, "ಚಿಂತಿ ಬಿಡ್ರಿ ಬಾಯಾರ, ನಮ್ಮ ಮೋಟರ ಎಲ್ಲಿಗೂ ಹೋಗಂಗಿಲ್ಲ," ಎಂದು ನಗುತ್ತ ಹೋದ. ಮಾವನವರು ಹೋದ ದುಃಖದಲ್ಲಿ ಇವನ ಬುದ್ಧಿ ಜಾರಿದೆ ಎಂದುಕೊಂಡೆ.

ಸಂಕ್ರಮಣ ಮುಗಿದ ಮೇಲೆ ಪಂಚರು ಕೂತರು. ಮಾವನವರ ಸ್ನೇಹಿತರಾದ ಬನಹಟ್ಟಿಯ ನೂಲಿನ ವ್ಯಾಪಾರಿ ಚನಮಲ್ಲಪ್ಪನವರದು ಕೊನೆಯ ಮಾತು. ಹಿತ್ತಲಲ್ಲಿ ಜಮಖಾನೆ ಹಾಸಿತ್ತು. ನಾನು, ಅತ್ತೆಯವರು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆವು.

"ನಡೀಲಾರದ ಮೋಟರ ಒಬ್ಬನ ತಲೀಗಿ ಕಟ್ಟಿದ್ರ ಅವಗ ಹೊರಿ," ಎಂದರು ಚನಮಲ್ಲಪ್ಪನವರು. "ಮೂರು ಭಾಗ ಮಾಡಿದ್ರ ಮೂವರಿಗೂ ಉಪಯೋಗ. ಎಂಜಿನ್ ಕೃಷ್ಣಾಜಿಗೆ. ಫಿಟ್ಟರನ್ನ ಹಿಡಿದು ಜೀವಾ ಬರಿಸಿಕೊಂಡ್ರ ಹೊಳೀ ನೀರ ಎತ್ತಾಕ ಬರತೈತಿ. ಗಾಲಿ, ಗಾಲಿ ನಡುವಿನ ಇರಸು ಸದಾಶಿವಗ. ಟೈರಿನ ಎತ್ತಿನ ಗಾಡಿ ಆಗ್ತೈತಿ. ಮ್ಯಾಲಿನ ಮೈ, ಸೀಟು, ಕಿಡಕಿ ಕಾಚು ಶ್ರೀಧರಗ. ಹೂಂ ಅಂತೀರಿಲ್ಲೋ?"

ಮೂವರೂ ಹೂಂ ಎಂದರು. ಬಾವಿಕಟ್ಟೆಯ ಹತ್ತಿರ ನಿಂತಿದ್ದ ಧರೆಪ್ಪನ ಮುಖವನ್ನು ನಾನು ಆಗ ನೋಡಿದೆ. ಹಾಗೆ ಆದೀತೆಂದು ಅವನ ಕನಸಿನಲ್ಲಿಯೂ ಇರಲಿಲ್ಲ. ಮುಂದೆ ಬಂದು, ಕೋಟಿನ ಒಳಕಿಸೆಯಿಂದ ಒಂದು ಚಿಂದಿ ತೆಗೆದು ಬಿಚ್ಚಿದ. ಪೆನ್ಸಿಲ್ ತುದಿಯಷ್ಟು ಸಣ್ಣ ಒಂದು ಕರಿ ತುಣುಕು.

"ಮೋಟರ ನಡೀತೈತ್ರಿ. ಕಿಡಿ ಹಾಯೋ ಜಾಗದಾಗಿಂದು ಇದನ್ನ ನಾನಽ ತಗದಿಟ್ಟೀನಿ."

"ಯಾಕಲೇ?" ಎಂದು ಸದಾಶಿವರಾಯರು ಎದ್ದು ನಿಂತರು.

"ಪುಣೆದಾವ್ರು ಒಯ್ತಾರ ಅಂತ್ರಿ. ಬಿಟ್ರ ಇಲ್ಲೇ ಉಳೀತೈತಿ ಅಂದಕೊಂಡಿದ್ನಿ."

ಅವನು ಆ ತುಣುಕನ್ನು ಕೂಡಿಸಿ ಹ್ಯಾಂಡಲು ತಿರುಗಿಸಿದ. ಒಂದು ಸಲ, ಮತ್ತೊಂದು ಸಲ. ಸಪ್ಪಳವೇ ಇಲ್ಲ, ಹಿಂದೆ ನೀಲಿ ಹೊಗೆ ಎದ್ದಿತು. ಅತ್ತೆಯವರು ಸೆರಗು ಬಾಯಿಗೊತ್ತಿಕೊಂಡರು. ಉಳಿಯಿತು ಎಂದುಕೊಂಡೆ.

"ನಡೀತದಂದ್ರ ಅದು ನನಗ ಬರಬೇಕು," ಎಂದರು ಸದಾಶಿವರಾಯರು. "ಹಿರೇಮಗ ನಾನು."

"ಹೊಲದಾಗ ಬಿಸಿಲು ತಿಂದಾವ ನಾನು. ಕಡೀ ತನಕ ಅಪ್ಪನ್ನ ಅದರಾಗ ಕೂಡಿಸಿ ತಿರುಗಿಸಿದಾವ ನಾನು," ಎಂದರು ಕೃಷ್ಣಾಜಿರಾಯರು.

"ದಿನಾ ಕೋರ್ಟಿಗೆ ನಾ ಏನು ನಡಕೋತ ಹೋಗ್ಲೇನು?" ಎಂದದ್ದು ನನ್ನ ಯಜಮಾನರು. ಮನೆಯಲ್ಲಿ ಮೆತ್ತಗೆ ಮಾತಾಡುವ ಮನುಷ್ಯ. ಆ ದನಿ ನನಗೆ ಹೊಸದಾಗಿತ್ತು.

ಚನಮಲ್ಲಪ್ಪನವರು ಕೈಯೆತ್ತಿ ಸುಮ್ಮನಾಗಿಸಿದರು. "ನೋಡಿದಿ ಏನಪಾ ಧರೆಪ್ಪಾ? ಸತ್ತಾಗ ಯಾರಿಗೂ ಬ್ಯಾಡಾಗಿತ್ತು. ಜೀವಾ ಬಂದ ಕೂಡ್ಲೆ ಮೂವರೂ ಕೈ ಹಾಕಿದ್ರು. ಇದನ್ನ ಹಿಂಗಽ ಬಿಟ್ರ ನಾಳಿ ಇವರು ಒಬ್ಬರ ಕೊಳ್ಳಪಟ್ಟಿ ಒಬ್ಬರು ಹಿಡೀತಾರ."

ನಾನು ಬಾಗಿಲಿನಿಂದಲೇ, "ಪುಣೆದವರನ್ನ ಮತ್ತ ಕರಸಬಾರದೇನ್ರಿ?" ಎಂದುಬಿಟ್ಟೆ. ಹಿರಿಯರ ಮುಂದೆ ನಾನು ಹಾಗೆ ಬಾಯಿ ಹಾಕಿದವಳಲ್ಲ. ಎಲ್ಲರೂ ತಿರುಗಿ ನೋಡಿದರು.

"ಯಾವ ಮಾರೀಲೆ ಕರಸ್ಲಿ?" ಎಂದರು ಸದಾಶಿವರಾಯರು, ನನ್ನ ಕಡೆ ನೋಡದೆ. "ಎಂಜಿನ್ ಸತ್ತದ ಅಂತ ಅವರ ಮುಂದ ನಾ ಖುದ್ದ ಹೇಳೀನಿ. ಈಗ ಬದುಕೇದ ಅಂದ್ರ ಈ ಮನೆತನದವರು ಮೋಸಗಾರರು ಅಂತ ಪುಣೆ ತುಂಬ ಹೆಸರಾಗ್ತದ."

ಆಗ ಧರೆಪ್ಪ ಕೈ ಮುಗಿದ. "ವಾಟ್ನಿ ಆದ ಮ್ಯಾಲ ದೇವರ ಜಗಲಿ ಪಾಳಿ ಮ್ಯಾಲ ಹೋಗ್ತೈತಲ್ರಿ, ಒಂದೊಂದು ವರ್ಷ ಒಬ್ಬೊಬ್ಬರ ಮನೀಗಿ? ಮೋಟರಕ್ಕೂ ಹಂಗಽ ಪಾಳಿ ಹಚ್ರಿ. ನಾ ಮೂರೂ ಮನೀ ಡ್ರೈವರಾಗಿ ಇರ್ತೇನಿ. ಪಗಾರ ಬ್ಯಾಡ್ರಿ, ರೊಟ್ಟಿ ಹಾಕ್ರಿ ಸಾಕು."

ಒಂದು ಗಳಿಗೆ ಮೂವರೂ ಮೋಟರಿನ ಕಡೆ ನೋಡಿದರು. ಆ ಗಳಿಗೆಯಲ್ಲಿ ಯಾರಾದರೊಬ್ಬರು ಹೂಂ ಅಂದಿದ್ದರೆ ಆಗುತ್ತಿತ್ತು ಎಂದು ಈಗಲೂ ನನಗೆ ಅನಿಸುತ್ತದೆ. ಕೃಷ್ಣಾಜಿರಾಯರು, "ನನ್ನ ಪಾಳಿಯೊಳಗ ಟೈರ್ ಒಡೀತು ಅನ್ನು, ಯಾರು ಹಾಕಸೋರು?" ಎಂದರು. ಯಾರೋ ನಕ್ಕರು. ನಗೆಯಲ್ಲಿ ಆ ಮಾತು ಹೋಯಿತು.

ಅತ್ತೆಯವರು ಮಾತ್ರ ಒಂದು ಕೇಳಿದರು: "ಆ ದೇವೀ ತಲಿ ಒಡೀಬ್ಯಾಡ್ರಪ್ಪಾ. ಇಷ್ಟು ವರ್ಷ ಕುಂಕುಮ ಹಚ್ಚೀನಿ." ದೇವರಿಗೆ ಪಾಲಿಲ್ಲ ಎಂದು ಪಂಚರು ಕೂಡಲೇ ಒಪ್ಪಿದರು. ಮೋಟರು ಮೂರು ಪಾಲಾಗಬೇಕು. ಮುಚ್ಚಳದ ಮೇಲಿನ ತಲೆ ಜಗಲಿಯ ದೇವರ ಜೊತೆ ಪಾಳಿಯ ಮೇಲೆ ಹೋಗಬೇಕು.

"ಸುಳ್ಳು ಹೇಳಿದವನ ಕೈಲೆನೇ ಬಿಚ್ಚಸ್ರಿ," ಎಂದು ಸದಾಶಿವರಾಯರು ಹೇಳಿ ಎದ್ದರು. ಧರೆಪ್ಪ ಇಲ್ಲ ಎನ್ನಲಿಲ್ಲ. ಆಮೇಲೆ ಶಿವವ್ವನ ಮುಂದೆ, "ಕಂಬಾರನ ಸುತ್ತಿಗಿ ಬೀಳೋಕಿಂತ ನನ್ನ ಕೈ ಚಲೋ," ಎಂದನಂತೆ.

ಒಂದು ವಾರವೆಲ್ಲ ಬಿಚ್ಚಿದ. ತೊಳೆದು, ಒರೆಸಿ, ಆಮೇಲೆಯೇ ಬೋಲ್ಟುಗಳಿಗೆ ಪಾನಾ ಹಚ್ಚಿದ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಅದರ ನಟ್ಟಿಗೇ ತಿರುಗಿಸಿ ಹಾಕಿ, ಎಣ್ಣೆ ಸವರಿ ಚಾಪೆಯ ಮೇಲೆ ಸಾಲಾಗಿ ಇಟ್ಟ, ಮತ್ತೆ ಯಾವಾಗಲೋ ಕೂಡಿಸುವುದಿದೆ ಎನ್ನುವಂತೆ. ಚೌಕಟ್ಟನ್ನು ಕೊಯ್ಯಲು ಕಂಬಾರ ಗರಗಸ ತಂದ ದಿನ ಅವನು ಹಿತ್ತಲಲ್ಲಿ ಇರಲಿಲ್ಲ. ಆ ಗರಗಸದ ಸಪ್ಪಳಕ್ಕೆ ಮಂದಾ ಚೀರಿ ಚೀರಿ ಅತ್ತಳು. ಕಿವಿಗೆ ಏನಾದರೂ ಆದೀತೆಂದು ನಾನು ಅವಳನ್ನು ಒಳಕೋಣೆಗೆ ಒಯ್ದು, ಅವಳ ಕಿವಿ ಮುಚ್ಚಿಕೊಂಡು ಕೂತೆ. ನನ್ನ ಕಿವಿ ಮುಚ್ಚಲು ಕೈಯಿರಲಿಲ್ಲ.

ಎಂಜಿನ್ನು ಹಿಪ್ಪರಗಿಯ ಹೊಳೆದಂಡೆಗೆ ಹೋಯಿತು. ಧರೆಪ್ಪ ಅದನ್ನು ನೋಡಲು ಹೋಗಿಬಂದು, "ಉಸುಕು ನುಂಗಾಕತ್ತೈತ್ರಿ. ಕೆಮ್ಮತೈತಿ," ಎಂದ. ಯುಗಾದಿಯ ಹೊತ್ತಿಗೆ ಅದು ಕಚ್ಚಿಕೊಂಡು ನಿಂತಿತು. ಗಾಲಿ ಹಚ್ಚಿದ ಎತ್ತಿನ ಗಾಡಿ ಕಬ್ಬಿನ ಭಾರಕ್ಕೆ ಇರಸು ಬಾಗಿ ಮೂಲೆಗೆ ಬಿತ್ತು. ನಮ್ಮ ಪಾಲಿನ ಮೈ ಹಿತ್ತಲಿನ ಗೋಡೆಗೆ ಒರಗಿದೆ. ಅದರೊಳಗೆ ನೆರೆಮನೆಯ ಕೋಳಿಗಳು ಮೊಟ್ಟೆ ಇಡುತ್ತವೆ. ತೊಗಲಿನ ಸೀಟನ್ನು ಇವರು ಪಡಸಾಲೆಯಲ್ಲಿ ಹಾಕಿಸಿದರು. ಕಕ್ಷಿದಾರರು ಅದರ ಮೇಲೆ ಕೂಡ್ರುತ್ತಾರೆ. ನಾನು ಕೂಡ್ರಲಾರೆ.

ಹಾಗಂತ ಧರೆಪ್ಪನನ್ನು ಯಾರೂ ಹೊರಗೆ ಹಾಕಲಿಲ್ಲ. ಇವರು ಅವನಿಗಾಗಿ ಎಸ್‌ಟಿ ಎಂಬ ಸರಕಾರಿ ಬಸ್ಸಿನ ಡ್ರೈವರ್ ಕೆಲಸದ ಮಾತೂ ಆಡಿ ಬಂದರು. ಧರೆಪ್ಪ ಮುಧೋಳದವರೆಗೆ ಒಂದು ಸಲ ಅದರಲ್ಲಿ ಕೂತುಹೋಗಿ, "ಅದು ಒದರತೈತ್ರಿ. ಮಾತಾಡಂಗಿಲ್ಲ," ಎಂದು ಮರಳಿ ಬಂದ. ಅಂದಿನಿಂದ ಹೊಸ್ತಿಲ ಮೇಲೆ ಕೂಡ್ರುವುದು ಶುರುವಾಯಿತು. ಬೆಳಗ್ಗೆ ಒಂದು ಕೆಲಸ ಮಾತ್ರ ಮಾಡುತ್ತಿದ್ದ: ಬಾವಿಯಿಂದ ನೀರು ಸೇದಿ, ಮೋಟರಿನ ಮನೆಯ ಬರೀ ನೆಲವನ್ನು ತೊಳೆದು, ಚಿಂದಿಯಿಂದ ಒರೆಸುವುದು.

"ಬಾಯಾರ, ಊಟಾ ಬಿಟ್ಟಾನ್ರಿ," ಎಂದು ಶಿವವ್ವ ಒಂದು ದಿನ ನನ್ನ ಮುಂದೆ ಕೂತು ಅತ್ತಳು. "ಮದಲ ಬೈತಿದ್ದ, ಬಡೀಲಿಕ್ಕೂ ಬರ್ತಿದ್ದ. ಈಗ ನಾ ಬೈದ್ರೂ ಸುಮ್ಮಕಿರ್ತಾನ. ಕೊಂದಾವ ನಾನಽ ಅಂತಾನ. ನೀವು ಸಾಲಿ ಕಲತಾವ್ರು. ಎಲ್ಲೆರ ಒಂದು ಮೋಟರ ಹುಡುಕಿಕೊಡ್ರಿ ಇವಗ."

ಆಗಾಶೆಯವರ ಕಾರ್ಡು ನಮ್ಮ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿತ್ತು. ನಾನು ಇವರನ್ನು ಕೇಳಿದೆ. "ಅವರಿಗೆ ಫೋನ್ ಮಾಡಿ ಏನ ಹೇಳ್ತಿ? ನಮ್ಮ ಮನಿಯೊಳಗ ಆದದ್ದೆಲ್ಲಾ ಟಪಾಲ ಆಫೀಸಿನಾಗ ನಿಂತು ಒದರ್ತಿ ಏನು?" ಎಂದರು ಇವರು. ಕಾರ್ಡನ್ನು ಮುಟ್ಟದೆ ಹಿಂದೆ ಸರಿದೆ. ಅತ್ತೆಯವರ ಮುಖ, ಭಾವನವರ ಸಿಟ್ಟು ಎಲ್ಲ ಕಣ್ಣ ಮುಂದೆ ಬಂತು.

ಆಮೇಲೆ ಒಂದು ಬೆಳಗ್ಗೆ ಕಿಟಕಿಗೆ ಬಂದು ನೋಡಿದರೆ ಹೊಸ್ತಿಲ ಮೇಲೆ ಧರೆಪ್ಪನಿಲ್ಲ. ಬಾವಿಯ ಕಟ್ಟೆಯ ಮೇಲೆ ಖಾಕಿ ಕೋಟು ಮಡಚಿ ಇಟ್ಟಿತ್ತು. ಅವನು ಕಟ್ಟೆಗೆ ಹೊಟ್ಟೆ ಆನಿಸಿ ಒಳಗೆ ಬಗ್ಗಿ ನೋಡುತ್ತಿದ್ದ. ಮಂದಾಳನ್ನು ಬಗಲಲ್ಲಿ ಹಿಡಿದುಕೊಂಡು ಹೇಗೆ ಮೆಟ್ಟಿಲಿಳಿದೆನೋ ಗೊತ್ತಿಲ್ಲ.

"ಧರೆಪ್ಪಾ!"

ಅವನು ನಿಧಾನ ತಿರುಗಿದ. ಕೊಡಪಾನ ಹಗ್ಗಕ್ಕೆ ಕಟ್ಟಿಯೇ ಇತ್ತು. "ಕೋಟ ತೊಯ್ದೀತು ಅಂತ ತಗದಿಟ್ಟೀನ್ರಿ," ಎಂದ. ಅಷ್ಟು ದಿನ ನೀರು ಸೇದುವಾಗ ಅವನು ಕೋಟು ತೆಗೆದದ್ದನ್ನು ನಾನು ಕಂಡಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೋಟಿಲ್ಲದೆ ಅವನು ಎಷ್ಟು ಸಣ್ಣಗೆ ಕಂಡ! ಕೊರಳ ಎಲುಬೆಲ್ಲ ಎದ್ದಿದ್ದವು.

"ಪುಣೆಗೆ ಹೋಗ್ತಿ ಏನು?" ಎಂದೆ, ಏದುಸಿರಿನಲ್ಲೇ. "ಆಗಾಶೆಯವರ ಕಡೆ. ಅಲ್ಲೆ ಮೋಟರ ಅವ."

"ಅವರ ಮಾರಿ ಹ್ಯಾಂಗ ನೋಡ್ಲಿರಿ? ಅವರಿಗಿ ಸುಳ್ಳು ಹೇಳೀನಿ."

"ಅದನ್ನ ನಾ ಹೇಳ್ತೀನಿ. ನೀ ಕೋಟು ಹಾಕ್ಕೋ ಮೊದ್ಲ."

ಮಂದಾಳನ್ನು ಶಿವವ್ವನ ಕೈಗೆ ಕೊಟ್ಟು, ಅವಳನ್ನು ನೆಲಕ್ಕೆ ಬಿಡಬೇಡ, ಬಾವಿಯ ಕಡೆ ಒಯ್ಯಬೇಡ ಎಂದು ಮತ್ತೆ ಮತ್ತೆ ಹೇಳಿ, ಕನ್ನಡಿಯಿಂದ ಕಾರ್ಡು ಕಿತ್ತುಕೊಂಡು ನಾನು ಟಪಾಲು ಕಚೇರಿಗೆ ನಡೆದೆ. ಇವರನ್ನು ಕೇಳಲಿಲ್ಲ. ಅತ್ತೆಯವರು ಪಡಸಾಲೆಯಿಂದ, "ಎಲ್ಲಿಗೆ ಹೊಂಟಿ?" ಎಂದದ್ದಕ್ಕೆ, "ಧರೆಪ್ಪನ ಸಲುವಾಗಿ," ಎಂದೆ.

ಕಚೇರಿಯ ಕಾಶಪ್ಪ ಪುಣೆಗೆ ಟ್ರಂಕ್ ಕಾಲ್ ಬುಕ್ ಮಾಡಿ, ನನ್ನನ್ನು ಮರದ ಬಾಕಿನ ಮೇಲೆ ಕೂಡ್ರಿಸಿದ. ಬೆಳಗಾವಿ ಸಿಗುತ್ತದೆ, ಪುಣೆ ಸಿಗುವುದಿಲ್ಲ. ಪುಣೆ ಸಿಗುತ್ತದೆ, ಮನೆ ಸಿಗುವುದಿಲ್ಲ. ಮನಿಆರ್ಡರಿಗೆ ಬಂದ ಮುದುಕಿಯರು, ಸ್ಟಾಂಪು ಕೊಳ್ಳಲು ಬಂದ ಮಾಸ್ತರರು, ಎಲ್ಲರಿಗೂ ನಾನು ಯಾರ ಮನೆ ಸೊಸೆ ಎಂದು ಗೊತ್ತು. ಕೂಸಿಗೆ ಹಸಿವಾಗಿರುತ್ತದೆ, ಶಿವವ್ವ ಅಳುತ್ತ ಅವಳನ್ನು ಎಲ್ಲಿ ಇಳಿಸಿಬಿಟ್ಟಾಳೋ ಎಂದು ಜೀವ ಹಾರುತ್ತಿತ್ತು. ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದು ಕೂತೆ.

"ಹತ್ತೇತ್ರಿ ಬಾಯಾರ! ಪುಣೆ. ಜೋರಲೆ ಮಾತಾಡ್ರಿ, ಲೈನ್ ಸಣ್ಣಕ ಐತಿ."

ಮರಾಠಿಯಲ್ಲಿ ನನ್ನ ಹೆಸರು, ಊರು ಹೇಳಿದೆ.

"ಜಮಖಂಡಿ?" ದೂರದ ದನಿ ಒಮ್ಮೆಲೆ ಹತ್ತಿರವಾಯಿತು. "ಮಿನರ್ವಾ! ಹೇಗಿದ್ದಾಳೆ?"

"ಇಲ್ಲ."

"ಕೇಳಿಸಲಿಲ್ಲ."

"ಇಲ್ಲ," ಎಂದು ಕೂಗಿದೆ. "ಮೂರು ಪಾಲು ಮಾಡಿದರು. ಬಿಚ್ಚಿ, ಕೊಯ್ದು ಹಂಚಿಕೊಂಡರು."

ತಂತಿಯಲ್ಲಿ ಬರೀ ಗಾಳಿಯ ಸದ್ದು.

"ಹೇಗೂ ಎಂಜಿನ್ ಸತ್ತಿತ್ತಲ್ಲ," ಎಂದರು ಅವರು ಕೊನೆಗೆ, ತಮ್ಮನ್ನೇ ಸಮಾಧಾನ ಮಾಡಿಕೊಳ್ಳುವಂತೆ.

ಇಲ್ಲಿಗೆ ಬಿಟ್ಟುಬಿಡಬಹುದಾಗಿತ್ತು. ಮನೆತನದ ಹೆಸರೂ ಉಳಿಯುತ್ತಿತ್ತು.

"ಸತ್ತಿರಲಿಲ್ಲ. ನೀವು ಒಯ್ಯಬಾರದೆಂದು ನಮ್ಮ ಡ್ರೈವರ್ ಅದರೊಳಗಿನ ಒಂದು ಚೂರು ತೆಗೆದು ಬಚ್ಚಿಟ್ಟಿದ್ದ. ನಮ್ಮ ಭಾವನವರಿಗೂ ಗೊತ್ತಿರಲಿಲ್ಲ. ಆಮೇಲೆ ಅವನೇ ಹೇಳಿದ. ಆಗ ನಮ್ಮವರು ನಿಮ್ಮನ್ನು ಕರೆಸಲಿಲ್ಲ."

"ಅಂದರೆ ಅವನೇ ಕೊಂದ."

"ಹೌದು. ಅವನಿಗೂ ಅದು ಗೊತ್ತು. ಅದಕ್ಕೇ ಉಣ್ಣುವುದಿಲ್ಲ."

"ನನಗೆ ಇದನ್ನೆಲ್ಲ ಈಗ ಯಾಕೆ ಹೇಳುತ್ತೀರಿ, ತಾಯಿ?"

"ಅವನನ್ನು ಕರೆಸಿಕೊಳ್ಳಿ," ಎಂದೆ. "ಓಡಿಸಲು ಕೊಡಬೇಡಿ, ಪಗಾರವೂ ಬೇಡ. ನಿಮ್ಮ ಶೆಡ್ಡಿನಲ್ಲಿ ಇರುವ ಯಾವುದಾದರೂ ಒಂದನ್ನು ತೊಳೆಯಲಿ. ಇಲ್ಲಿ ಬರೀ ನೆಲ ತೊಳೆಯುತ್ತಾನೆ. ಇವತ್ತು ಬಾವಿಯೊಳಗೆ ಬಗ್ಗಿ ನೋಡುತ್ತಿದ್ದ."

ಕಾಶಪ್ಪ ನನ್ನ ಕಡೆ ಬೆರಳೆತ್ತಿ, ಹೊತ್ತಾಯಿತು ಎಂದು ಸನ್ನೆ ಮಾಡಿದ. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದೆ.

"ಬಿಚ್ಚಿದ್ದು ಯಾರು?" ಎಂದು ಆಗಾಶೆಯವರು ಕೇಳಿದರು.

"ಅವನೇ. ಒಂದು ಬೋಲ್ಟೂ ಮುರಿಯಲಿಲ್ಲ."

ಮತ್ತೆ ಗಾಳಿಯ ಸದ್ದು. ಲೈನು ಹೋಯಿತೆಂದೇ ತಿಳಿದೆ.

"ಸೋಮವಾರದ ಗಾಡಿಗೆ ಹತ್ತಿಸಿ," ಎಂದರು. "ಹೆಂಡತಿ ಇದ್ದರೆ ಅವಳನ್ನೂ ಕಳಿಸಿ, ಒಬ್ಬನೇ ಬೇಡ. ಸ್ಟೇಶನ್ನಿಗೆ ನಾನೇ ಬರುತ್ತೇನೆ. ಹೆಸರೇನು ಅವನದು?"

ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಕಚೇರಿಯ ಮಂದಿಯೆಲ್ಲ ನೋಡುತ್ತಿದ್ದಂತೆ, ಕಣ್ಣೊರೆಸಿಕೊಂಡು, ಬೀದಿಗೆ ಕೇಳಿಸುವಷ್ಟು ಜೋರಾಗಿ ಮತ್ತೊಮ್ಮೆ ಕೂಗಿ ಹೇಳಿದೆ: "ಧರೆಪ್ಪ!"